ಮಾತಾಡದ ಮುಚ್ಚಳ

ಚಿಕಾಯ ಹೆಂಡತಿಯ ಗಡಿಗೆ ಮುಚ್ಚಳದ ಮೇಲೆ ಕೂತ. ಮುಚ್ಚಳ ಎರಡು ಹೋಳಾಯಿತು.

ಆ ಸದ್ದು ಕಡಲಾಚೆಯ ಬ್ರೆಜಿಲ್‌ವರೆಗೂ ಕೇಳಿಸಿತು ಎಂದರೆ ನೀವು ಹುಬ್ಬೇರಿಸುತ್ತೀರಿ. ಹೋಗಲಿ, ನಡುಗಡಲಿನವರೆಗೆ ಕೇಳಿಸಿತು ಎಂದಿಟ್ಟುಕೊಳ್ಳಿ. ಅದಕ್ಕಿಂತ ಒಂದು ಮೊಳವೂ ಕಡಿಮೆ ಮಾಡಲು ನಾನು ತಯಾರಿಲ್ಲ.

ಒಂದು ಮುಚ್ಚಳ ಹೋದರೆ ಇನ್ನೊಂದು, ಅದಕ್ಕೇನಂತೆ ಎನ್ನುವವರು ಕಬಿಂಡಾ ಕಡಲಂಚಿನ ನಮ್ಮ ವೊಯೊ ಜನರ ನಡುವೆ ಒಂದು ವಾರ ಸಂಸಾರ ಮಾಡಿ ನೋಡಬೇಕು. ನಮ್ಮಲ್ಲಿ ಹೆಂಡತಿ ಗಂಡನ ಮೇಲೆ ಕೂಗಾಡುವುದಿಲ್ಲ. ಆ ಕೆಲಸವನ್ನು ಮುಚ್ಚಳಕ್ಕೆ ಬಿಡುತ್ತಾಳೆ. ಮದುವೆಯ ದಿನ ತಾಯಿ ಮಗಳಿಗೆ ಮರದ ಮುಚ್ಚಳಗಳನ್ನು ಹಗ್ಗಕ್ಕೆ ಪೋಣಿಸಿ ಕೊಡುತ್ತಾಳೆ. ಒಂದೊಂದರ ಮೇಲೂ ಕೆತ್ತಿದ ಚಿತ್ರ; ಒಂದೊಂದು ಚಿತ್ರಕ್ಕೂ ಒಂದು ಗಾದೆ. ಗಂಡ ಚಪ್ಪರದಲ್ಲಿ ಗೆಳೆಯರ ಜೊತೆ ಊಟಕ್ಕೆ ಕೂತಾಗ ಹೆಂಡತಿ ಗಡಿಗೆಯನ್ನು ತಂದು ನಡುವೆ ಇಟ್ಟು ಮಾತಿಲ್ಲದೆ ಹೋಗುತ್ತಾಳೆ. ಗೆಳೆಯರು ಮುಚ್ಚಳ ನೋಡುತ್ತಾರೆ, ಗಾದೆ ಓದುತ್ತಾರೆ, ಆಮೇಲೆ ಗಂಡನ ಕಿವಿ ಹಿಂಡುತ್ತಾರೆ. ಅರ್ಥ ಬಗೆಹರಿಯುವವರೆಗೆ ಗಡಿಗೆ ತೆರೆಯುವಂತಿಲ್ಲ. ಹಸಿದ ಗಂಡಸರಷ್ಟು ಬೇಗ ನ್ಯಾಯ ತೀರ್ಮಾನಿಸುವವರು ಭೂಮಿಯ ಮೇಲೆ ಬೇರೆ ಯಾರೂ ಇಲ್ಲ.

ಚಿಕಾಯನ ಹೆಂಡತಿ ಲೂಕೇನಿಯ ಬಳಿ ನಲವತ್ತೊಂದು ಮುಚ್ಚಳಗಳಿದ್ದವು. ನಲವತ್ತು ಮಾತಾಡುವಂಥವು. ಒಂದು ಬೋಳು. ಬೋಳು ಮುಚ್ಚಳ ಬಂತೆಂದರೆ ಮನೆ ತಣ್ಣಗಿದೆ, ಉಣ್ಣಿ ಎಂದರ್ಥ. ಚಿಕಾಯ ಕೂತದ್ದು ಆ ಒಂದರ ಮೇಲೆ.

ಆ ವರ್ಷ ಅವನ ಪಾಲಿಗೆ ಆಗಲೇ ಎರಡು ಮುಚ್ಚಳಗಳು ಬಂದುಹೋಗಿದ್ದವು. ಮೊದಲನೆಯದರ ಮೇಲೆ ಒಂದು ಮೀನು: ‘ಬಾಯಲ್ಲಿ ಹಿಡಿದ ಮೀನಿಗೆ ಮುಳ್ಳಿಲ್ಲ.’ ಕಡಲಿಗೆ ಹೋದೆನೆಂದು ಹೇಳಿ ತಾಳೆಹೆಂಡದ ಮರದಡಿ ಮೂರು ದಿನ ಮಲಗಿದ್ದಕ್ಕೆ ಸಿಕ್ಕ ಬಹುಮಾನ ಅದು. ಎರಡನೆಯದರ ಮೇಲೆ ಎರಡು ಒಲೆಗಲ್ಲು, ವಾಲಿದ ಗಡಿಗೆ: ‘ಎರಡೇ ಕಲ್ಲಿನ ಮೇಲೆ ಗಡಿಗೆ ನಿಲ್ಲದು.’ ಮಾಡಿನ ಹುಲ್ಲು ಹೊದಿಸಿದ್ದೇನೆ ಎಂದು ಸುಳ್ಳು ಹೇಳಿದ ಮಾರನೆಯ ರಾತ್ರಿ ಮಳೆ ಬಂದದ್ದರ ಫಲ. ಮೂರನೆಯ ದೂರಿನ ಮುಚ್ಚಳ ಬಂದರೆ ಹೆಣ್ಣಿನ ಸೋದರಮಾವ ಬಂದು ಅವಳ ಕೈಹಿಡಿದು ತವರಿಗೆ ಕರೆದುಕೊಂಡು ಹೋಗುತ್ತಾನೆ. ಅದರ ಮೇಲೆ ಮಾತಿಲ್ಲ.

ಸೋದರಮಾವ ಅಂದೇ ಮಧ್ಯಾಹ್ನ ಊಟಕ್ಕೆ ಬರುವವನಿದ್ದ.

ಹಿಂದಿನ ದಿನವೇ ಲೂಕೇನಿ ಹೇಳಿದ್ದಳು: “ಜಾವು ಮಾವ ಯಾಕೆ ಬರ್ತಿದ್ದಾನೋ ಗೊತ್ತಿಲ್ಲ. ಯಾರೋ ನಿನ್ನ ಎರಡು ಮುಚ್ಚಳದ ಸುದ್ದಿ ಹೇಳಿರ್ಬೇಕು. ನಾಳೆ ಬೋಳು ಮುಚ್ಚಳ ಹಾಕ್ತೀನಿ. ಉಂಡು ಸುಮ್ನೆ ಹೋಗ್ಲಿ. ಆದ್ರೆ ಇನ್ನೊಂದು ಸುಳ್ಳು ನಿನ್ನ ಬಾಯಿಂದ ಬಂತೋ, ಮಾವ ಕರೆಯೋಕ್ಕೆ ಮುಂಚೆ ನಾನೇ ಗಂಟು ಕಟ್ತೀನಿ.”

ಈಗ ಅವಳು ಮರಗೆಣಸು ಕೀಳಲು ಹೊಲಕ್ಕೆ ಹೋಗಿದ್ದಳು. ಚಿಕಾಯ ಎರಡು ಹೋಳುಗಳನ್ನು ಕೈಯಲ್ಲಿ ಹಿಡಿದು, ಅವು ಮನಸ್ಸು ಬದಲಾಯಿಸಿಯಾವೋ ಎಂದು ಸ್ವಲ್ಪ ಹೊತ್ತು ಜೋಡಿಸಿ ನೋಡಿದ. ಬಾಳೆ ಎಲೆ ಮುಚ್ಚೋಣವೆಂದರೆ ಅದು ಸೂತಕದ ಮನೆಯ ಲಕ್ಷಣ. ನಿಜ ಹೇಳಿಬಿಡೋಣ ಎಂಬ ಯೋಚನೆಯೂ ಅವನ ತಲೆಯ ಬಾಗಿಲಿಗೆ ಬಂತು. ಒಳಗೆ ಪರಿಚಯದವರು ಯಾರೂ ಕಾಣದೆ ಹಾಗೆಯೇ ಹಿಂತಿರುಗಿ ಹೋಯಿತು. ಅವನು ಕೆಟ್ಟವನಲ್ಲ. ಲೂಕೇನಿ ಇಲ್ಲದ ಮನೆ ಅವನಿಗೆ ಬೇಡವೇ ಬೇಡವಾಗಿತ್ತು. ಆದರೆ ಹೆದರಿದಾಗ ಕೆಲವರಿಗೆ ಬಿಕ್ಕಳಿಕೆ ಬರುತ್ತದಲ್ಲ, ಇವನಿಗೆ ಸುಳ್ಳು ಬರುತ್ತಿತ್ತು.

ಹೋಳುಗಳನ್ನು ಒಲೆಗೆ ಹಾಕಿ ಅವನು ಹೊರಬಿದ್ದ.

ಅದು ಕಸಿಂಬು ಕಾಲ. ಮಳೆಯಿಲ್ಲ, ಬಿಸಿಲಿಲ್ಲ, ಕಡಲಿನಿಂದ ಎದ್ದ ಬೂದು ಮಂಜು ಮೂರು ತಿಂಗಳು ಊರಿನ ಮೇಲೆ ಮಲಗಿರುತ್ತದೆ. ಅಂದಿನ ಮಂಜು ಎಂಥದೆಂದರೆ, ಕೈ ಚಾಚಿದವನು ಬೆರಳುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದು ವಾಪಸ್ ಪಡೆಯಬೇಕಿತ್ತು. ಕಡಲು ಎಲ್ಲೋ ಉಸಿರಾಡುತ್ತಿತ್ತು, ಕಾಣುತ್ತಿರಲಿಲ್ಲ. ಕೋಳಿಗಳು ಕೂಗಲು ಬಾಯಿ ತೆರೆದು, ಬೆಳಗಾಗಿದೆಯೋ ಇಲ್ಲವೋ ಎಂಬ ಸಂಶಯದಿಂದ ಮತ್ತೆ ಮುಚ್ಚಿಕೊಳ್ಳುತ್ತಿದ್ದವು.

ಪಕ್ಕದ ಮನೆಯ ಫೂತಿ ವಿಧವೆ. ಗಂಡ ಸತ್ತ ಮೇಲೆ ಅವಳ ಮುಚ್ಚಳಗಳಿಗೆ ಕೆಲಸವಿಲ್ಲದೆ ಅವಳ ನಾಲಿಗೆಗೆ ದುಪ್ಪಟ್ಟು ಕೆಲಸ ಬಿದ್ದಿತ್ತು.

“ಫೂತಕ್ಕಾ, ನಿನ್ ಹತ್ರ ಬೋಳು ಮುಚ್ಚಳ ಒಂದಿದ್ರೆ ಮಧ್ಯಾಹ್ನದ ಮಟ್ಟಿಗೆ ಕೊಡ್ತೀಯಾ?”

“ಬೋಳು ಮುಚ್ಚಳಾನಾ!” ಫೂತಿ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಏನ್ ಮಾಡ್ಕೊಂಡೆಯೋ ಪಾಪಿ? ಹೊಡೆದ್ಯಾ ಅವಳನ್ನ?”

“ಅಯ್ಯೋ ಇಲ್ಲಕ್ಕಾ.”

“ಹಂಗಾದ್ರೆ ಅವಳು ನಿನ್ನ ಹೊಡೆದ್ಲಾ? ಎಲ್ಲಿ, ತಿರುಗು ನೋಡೋಣ.”

“ಅದೆಲ್ಲ ಏನಿಲ್ಲ. ಲೂಕೇನಿ ಹತ್ರ ಒಂದಿದೆ, ಜೊತೆಗೆ ಇನ್ನೊಂದಿರಲಿ ಅಂತ. ಎರಡು ಬೋಳು ಇದ್ರೆ ಎರಡು ಪಟ್ಟು ಸುಖ ಅಲ್ವಾ?”

“ಮನೇಲಿರೋ ಸಮಾಧಾನಾನ ಯಾರಾದ್ರೂ ಸಾಲ ಕೊಡ್ತಾರೇನೋ? ಉಪ್ಪು ಕೇಳು, ಬೆಂಕಿ ಕೇಳು, ಕೊಡ್ತೀನಿ. ತಗೋ, ಇದು ಬೇಕಾದ್ರೆ ಒಯ್ಯಿ.” ಅವಳು ಹಗ್ಗದಿಂದ ಒಂದನ್ನು ಬಿಚ್ಚಿದಳು. ಅದರ ಮೇಲೆ ಮಳೆಯಲ್ಲಿ ನಿಂತ ಚಿರತೆ. “‘ನೆಂದ ಚಿರತೆಯ ಮಚ್ಚೆ ಹೋದೀತೆ?’ ನಿನಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ.”

ಚಿಕಾಯ ಬೇಲಿ ದಾಟುವಷ್ಟರಲ್ಲಿ ಫೂತಿ ಆಚೆ ಮನೆಗೆ ಕೂಗಿ ಹೇಳಿಯಾಗಿತ್ತು: ಲೂಕೇನಿ ಗಂಡನಿಗೆ ಸೌಟಿನಿಂದ ಬಾರಿಸಿದ್ದಾಳೆ, ಬೆನ್ನು ತೋರಿಸೋಕೆ ಒಪ್ಪಲಿಲ್ಲ.

ಕೆತ್ತುವ ಮುದುಕ ಬ್ವಿತಿ ತನ್ನ ಗುಡಿಸಿಲ ಮುಂದೆ ಮರದ ಚಕ್ಕೆಗಳ ರಾಶಿಯ ನಡುವೆ ಕೂತಿದ್ದ. ಅವನ ಉಳಿ ಎಷ್ಟು ಚೂಪೆಂದರೆ ಅವನು ಅದನ್ನು ತೋರಿಸಿದರೆ ಸಾಕು, ಮರ ತಾನೇ ಅಂಗಿ ಬಿಚ್ಚುತ್ತಿತ್ತು.

“ಬೋಳು ಮುಚ್ಚಳಾನಾ? ಅದೇ ಕಣಯ್ಯಾ ಎಲ್ಲಕ್ಕಿಂತ ಕಷ್ಟ,” ಎಂದ ಬ್ವಿತಿ. “ಮೊಸಳೆ ಮಾಡು ಅನ್ನು, ಬಾಯಿ ಮುಚ್ಚೋಷ್ಟರಲ್ಲಿ ಕೊಡ್ತೀನಿ. ಏನೂ ಮಾಡ್ಬೇಡ ಅಂದ್ರೆ ಕೈ ಕೇಳಲ್ಲ. ನಾಡಿದ್ದು ಬಾ.”

“ಇವತ್ತೇ ಬೇಕು ತಾತಾ. ಹಳೇದು ಯಾವುದಾದ್ರೂ ಇಲ್ವಾ?”

“ಈ ಊರಲ್ಲಿ ಯಾರ ಮನೇಲೂ ಇಲ್ಲದೆ ಹೊರಗಿರೋ ಬೋಳು ಮುಚ್ಚಳ ಒಂದೇ. ಅದೂ ನಿಮ್ಮತ್ತೆದೇ. ಹೋದ ವರ್ಷ ಸಾಯೋಕ್ಕೆ ಮುಂಚೆ ಹೇಳಿ ಮಾಡಿಸಿದ್ಲು. ‘ಬದುಕಿರೋವರ್ಗೂ ಮಾತಾಡಿದೀನಿ, ಗೋರಿ ಮೇಲೆ ಬೋಳು ಮುಚ್ಚಳ ಇಡಿ’ ಅಂದ್ಲು. ಅಲ್ಲೇ ಇದೆ.” ಮುದುಕ ಉಳಿಯ ತುದಿಯಿಂದ ಮಂಜಿನ ಕಡೆ ತೋರಿಸಿದ. ಆಮೇಲೆ ನಕ್ಕ. “ಹೋಗಿ ತಗೊಂಡ್ ಬರ್ತೀಯಾ?”

ತಮಾಷೆಗೆ ಹೇಳಿದ ಮಾತು. ಚಿಕಾಯ ಕೂಡ ತಮಾಷೆಗೆ ನಕ್ಕ. ನಗು ಮುಗಿಯುವಷ್ಟರಲ್ಲಿ ಅವನ ಕಾಲು ಸ್ಮಶಾನದ ದಾರಿ ಹಿಡಿದಿತ್ತು.

ಅತ್ತೆ ಸುಂಗಿಯ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಬಾಯಿ ತೆರೆದರೆ ಹೊರಟ ದೋಣಿ ದಡಕ್ಕೆ ಮರಳುತ್ತಿತ್ತು. ಒಮ್ಮೆ ಅವಳು ಬೈದ ತಾಳೆಮರ ಇವತ್ತಿಗೂ ತಲೆ ತಗ್ಗಿಸಿ ನಿಂತಿದೆ. ಬೇಕಾದರೆ ಬನ್ನಿ, ತೋರಿಸುತ್ತೇನೆ. ಬಾಯಲ್ಲಿ ಸದಾ ಮಣ್ಣಿನ ಚಿಲುಮೆ. ಅಳಿಯನನ್ನು ಅವಳು ಕರೆಯುತ್ತಿದ್ದದ್ದು ‘ಏ ಇದೇ’ ಎಂದು.

ನಮ್ಮಲ್ಲಿ ಸತ್ತವರ ಸಾಮಾನನ್ನು ಗೋರಿಯ ಮೇಲೆಯೇ ಇಡುತ್ತೇವೆ. ಬಟ್ಟಲು, ಹೂಜಿ, ಛತ್ರಿ, ತಳಕ್ಕೆ ತೂತು ಹೊಡೆದ ಗಡಿಗೆ. ಮಂಜಿನಲ್ಲಿ ಎಲ್ಲವೂ ನೆಂದು ತೊಟ್ಟಿಕ್ಕುತ್ತಿದ್ದವು. ಚಿಕಾಯ ಒಂದು ಗೋರಿಗೆ ಎಡವಿ ಕ್ಷಮೆ ಕೇಳಿದ, ಇನ್ನೊಂದಕ್ಕೆ ಎಡವುವ ಮುಂಚೆಯೇ ಕೇಳಿದ. ಅತ್ತೆಯ ಗೋರಿ ಕಡೆಯ ಸಾಲಿನಲ್ಲಿತ್ತು. ಮುಚ್ಚಳ ಅದರ ತಲೆಯ ಭಾಗದಲ್ಲಿ ಕವುಚಿಕೊಂಡಿತ್ತು.

ಚಿಕಾಯ ಅದರ ಮೇಲೆ ಬೆರಳಿಟ್ಟು ತಟ್ಟನೆ ತೆಗೆದ.

ಸುತ್ತಲಿನ ಎಲ್ಲವೂ ನೀರು ಕುಡಿದಿತ್ತು. ಮುಚ್ಚಳ ಒಣಗಿತ್ತು. ಒಣಗಿದ್ದಷ್ಟೇ ಅಲ್ಲ, ಬೆಚ್ಚಗಿತ್ತು, ಈಗ ತಾನೇ ಯಾರೋ ಕುದಿಯುವ ಗಡಿಗೆಯ ಮೇಲಿನಿಂದ ತೆಗೆದಿಟ್ಟ ಹಾಗೆ.

“ಅತ್ತೇ,” ಎಂದ ಅವನು. ಧ್ವನಿ ಇಲಿಮರಿಯದಾಗಿತ್ತು. “ಮಧ್ಯಾಹ್ನದ ಮಟ್ಟಿಗೆ ಅಷ್ಟೇ. ಸಂಜೆಗೆ ತಂದಿಡ್ತೀನಿ. ಬೇಡ ಅಂದ್ರೆ ಈಗ್ಲೇ ಹೇಳ್ಬಿಡು.”

ಯಾರೂ ಏನೂ ಹೇಳಲಿಲ್ಲ. ಅತ್ತೆ ಸುಮ್ಮನಿದ್ದದ್ದನ್ನು ಅವನು ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ. ಅದಕ್ಕೇ ಇದು ಒಪ್ಪಿಗೆ ಇರಬೇಕು ಎಂದುಕೊಂಡ. ಮುಚ್ಚಳ ಎತ್ತಿದ. ಅದು ಮೊದಲು ಬರಲಿಲ್ಲ. ಆಮೇಲೆ, ಕೆಳಗಿನಿಂದ ಹಿಡಿದಿದ್ದ ಯಾರೋ ‘ಸರಿ, ಹಿಡಿ’ ಎಂದು ಬಿಟ್ಟ ಹಾಗೆ, ಒಮ್ಮೆಲೇ ಕೈಗೆ ಬಂತು. ಚಿಕಾಯ ಹಿಂದಕ್ಕೆ ಬಿದ್ದ.

ತೊರೆಯ ಬಳಿ ಕೂತು ಅವನು ಮುಚ್ಚಳವನ್ನು ಮರಳು ಹಾಕಿ ಎರಡೂ ಕಡೆ ಉಜ್ಜಿದ. ಗೀರಿಲ್ಲ, ಗುರುತಿಲ್ಲ. ಪಾದ್ರಿಯ ನೆತ್ತಿಯಷ್ಟು ಬೋಳು. ಬಳ್ಳಿಯಿಂದ ಬೆನ್ನಿಗೆ ಕಟ್ಟಿಕೊಂಡು ಹೊರಟ. ಗೇಣಗಲದ ಮರದ ತುಂಡು; ಹತ್ತು ಹೆಜ್ಜೆಗೆ ಅದು ಒಂದು ಬುಟ್ಟಿ ಮರಗೆಣಸಿನಷ್ಟು ಭಾರವಾಯಿತು, ಐವತ್ತು ಹೆಜ್ಜೆಗೆ ಒಂದು ದೋಣಿಯಷ್ಟು. ನಿಂತರೆ ಹಿಂದೆ ಇನ್ನೊಂದು ಹೆಜ್ಜೆ ಬಿದ್ದು ನಿಲ್ಲುತ್ತಿತ್ತು. ಹೊರಟರೆ ಅದೂ ಹೊರಡುತ್ತಿತ್ತು, ಸ್ವಲ್ಪ ಎಡಗಾಲು ಎಳೆದುಕೊಂಡು. ಮಂಜಿನಲ್ಲಿ ಹೊಗೆಸೊಪ್ಪಿನ ವಾಸನೆ ತೇಲಿ ಬಂತು.

ಬೇಲಿಯ ಹತ್ತಿರ ಫೂತಿ ಬಟ್ಟೆ ಒಣಹಾಕುತ್ತಿದ್ದಳು. ಆ ಕಾಲದಲ್ಲಿ ನಮ್ಮ ಬಟ್ಟೆ ಒಣಗುವುದಿಲ್ಲ, ಆದರೂ ಬೇಲಿ ಬಳಿ ನಿಲ್ಲಲು ಒಂದು ನೆಪ ಬೇಕಲ್ಲ.

“ಏನೋ ಚಿಕಾಯ, ಜೊತೇಲಿ ಯಾರು?”

“ಯಾರೂ ಇಲ್ಲಕ್ಕಾ!”

“ಹೌದಾ? ಒಬ್ಬನೇ ಬಂದವನು ಯಾಕೆ ದಾರಿ ಅರ್ಧ ಬಿಟ್ಟು ನಡೀತಿದ್ದೀಯ?”

ಚಿಕಾಯ ಕೆಳಗೆ ನೋಡಿದ. ನಿಜ. ಅವನು ದಾರಿಯ ಅಂಚಿನಲ್ಲಿ ನಡೆಯುತ್ತಿದ್ದ. ಯಾರು ಯಾವಾಗ ಅವನನ್ನು ಅಲ್ಲಿಗೆ ಸರಿಸಿದರೋ ಅವನಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಲೂಕೇನಿ ಆಗಲೇ ಮರಗೆಣಸಿನ ಸೊಪ್ಪನ್ನು ತಾಳೆಎಣ್ಣೆ, ಕಡಲೆಕಾಯಿ ಹಿಟ್ಟು, ಹೊಗೆಯಲ್ಲಿ ಒಣಗಿಸಿದ ಮೀನಿನ ಜೊತೆ ಬೇಯಿಸಿ ಇಳಿಸಿದ್ದಳು. ಕಣ್ಣಲ್ಲಿ ಹೊಗೆ ತುಂಬಿತ್ತು. ತಿರುಗದೆಯೇ ಕೈ ಚಾಚಿದಳು.

“ಬೋಳು ಮುಚ್ಚಳ ಕೊಡು... ಇದ್ಯಾಕೆ ಇಷ್ಟು ಬೆಚ್ಚಗಿದೆ?”

“ಬಿಸಿಲಿಗಿಟ್ಟಿದ್ದೆ.”

ಲೂಕೇನಿ ಕಣ್ಣೊರೆಸಿಕೊಂಡು ಹೊರಗಿನ ಮಂಜನ್ನು ನೋಡಿದಳು. “ಯಾವ ಬಿಸಿಲು?”

ಅಷ್ಟರಲ್ಲಿ ಚಪ್ಪರದ ಕಡೆಯಿಂದ ಗಂಡಸರ ದನಿ ಕೇಳಿತು. ಚಿಕಾಯ ಅತ್ತ ಓಡಿದ.

ಜಾವು ಮಾವ ಬಂದಿದ್ದ. ಒಂದು ಕಾಲಕ್ಕೆ ಆನೆಯಂತಿದ್ದ ಮನುಷ್ಯ; ಈಗ ಆ ಆನೆಯ ಜೋಲುಬಿದ್ದ ಚರ್ಮದಲ್ಲಿ ಒಂದು ಮೇಕೆ ಕೂತಂತೆ ಕಾಣುತ್ತಿದ್ದ. ಚಪ್ಪರದ ಬಾಗಿಲಲ್ಲಿ ಅವನು ನಿಂತು, ಪಕ್ಕಕ್ಕೆ ಸರಿದು, ಬೇರೆ ಯಾರಿಗೋ ದಾರಿ ಬಿಟ್ಟವನಂತೆ ತಡೆದು, ಆಮೇಲೆ ಒಳಗೆ ಬಂದ. ನಡುವೆ ಒಮ್ಮೆ ಖಾಲಿ ಜಾಗಕ್ಕೆ “ಆಯ್ತು, ಆಯ್ತು” ಎಂದ. ವಯಸ್ಸಾಯಿತು ಎಂದು ಎಲ್ಲರೂ ಅಂದುಕೊಂಡರು.

ಜೊತೆಗೆ ಊಟಕ್ಕೆ ಕೂತವರು ಕೆತ್ತುವ ಬ್ವಿತಿ ಮತ್ತು ಚಿಕಾಯನ ಗೆಳೆಯ ಮಕೋಸೊ. ಮಕೋಸೊಗೆ ಮುನ್ನೂರು ಮುಚ್ಚಳಗಳ ಗಾದೆ ಬಾಯಿಪಾಠ. ಊರಿನಲ್ಲಿ ಯಾವ ಮನೆಯಲ್ಲಿ ಜಗಳವಾದರೂ ಅಂದಿನ ಊಟ ಅವನಿಗೆ ಅಲ್ಲೇ.

ಲೂಕೇನಿ ಗಡಿಗೆ ತಂದು ಚಾಪೆಯ ನಡುವೆ ಇಟ್ಟಳು, ಮಾವನಿಗೆ ಮೊಣಕಾಲೂರಿ ನಮಸ್ಕರಿಸಿ ಹೋದಳು. ಬೋಳು ಮುಚ್ಚಳ. ಚಿಕಾಯ ಬೆಳಗಿನಿಂದ ಒಳಗಿಟ್ಟುಕೊಂಡಿದ್ದ ಉಸಿರನ್ನು ಹೊರಬಿಟ್ಟ.

“ಬೋಳು ಮುಚ್ಚಳ,” ಎಂದ ಮಕೋಸೊ. ಮುಖ ಸಪ್ಪೆಯಾಯಿತು. “ಮನೆ ತಣ್ಣಗಿದೆ. ಸರಿ, ತೆಗಿ.”

“ತಡಿ,” ಎಂದ ಜಾವು ಮಾವ.

ಅವನು ಮುಚ್ಚಳವನ್ನೇ ನೋಡುತ್ತಿದ್ದ.

ಗಡಿಗೆಯ ಅಂಚಿನಿಂದ ಹಬೆ ಹೊರಟಿತ್ತು. ಮುಚ್ಚಳದ ನಡುವೆ ಮರ ಮೆಲ್ಲಗೆ ಉಬ್ಬಿತು, ಸೆಖೆಗೆ ಮೈಮೇಲೆ ಬೊಕ್ಕೆ ಏಳುವ ಹಾಗೆ. ಉಬ್ಬಿನಿಂದ ಒಂದು ಬೆನ್ನು ಎದ್ದಿತು, ಬೆನ್ನಿಗೆ ಎರಡು ಕಾಲು. ಬಗ್ಗಿ ನಡೆಯುವ ಒಬ್ಬ ಗಂಡಸು. ಅವನ ಬೆನ್ನಿಗೆ ಒಂದು ದುಂಡನೆಯ ವಸ್ತು. ಅವನ ಹಿಂದೆ ಇನ್ನೊಂದು ಆಕೃತಿ ಏಳಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ಒಬ್ಬ ಹೆಂಗಸು. ಒಂದು ಬೆರಳು ಮೇಲಕ್ಕೆ. ಬಾಯಲ್ಲಿ ಚಿಲುಮೆ.

ಚಪ್ಪರದ ಮೇಲಿಂದ ಮಂಜಿನ ಹನಿಯೊಂದು ಮಕೋಸೊನ ತಲೆಗೆ ಬಿತ್ತು. ಅವನು ಒಂದು ಮೊಳ ಮೇಲೆ ಹಾರಿ ಕೂತ. ನಾನು ಅಳೆದಿಲ್ಲ, ಒಂದೂವರೆ ಮೊಳವೂ ಇರಬಹುದು.

“ಬ್ವಿತಿ,” ಎಂದ ಜಾವು ಮಾವ, “ಇದು ನಿನ್ನ ಕೈಯ್ಯದಾ?”

ಮುದುಕ ಬಗ್ಗಿ ನೋಡಿದ. “ಮರ ನನ್ನದು. ಕೆತ್ತಿದ್ದು ನಾನಲ್ಲ. ಯಾರೂ ಅಲ್ಲ. ಇದಕ್ಕೆ ಉಳಿ ತಾಗಿದ ಗುರುತೇ ಇಲ್ಲ.”

“ಹಂಗಾದ್ರೆ ಇದು ಮೂರನೇ ಮುಚ್ಚಳ. ಗಾದೆ ಯಾವುದು ಮಕೋಸೊ? ಗಾದೆ ಬಗೆಹರಿದ ಮೇಲೆ ಊಟ. ಅರ್ಥ ಕೆಟ್ಟದಿದ್ರೆ ಊಟ ಆದ್ಮೇಲೆ ನಾನು ಹುಡುಗೀನ ಕರ್ಕೊಂಡು ಹೋಗ್ತೀನಿ.”

ಮಕೋಸೊ ಮುನ್ನೂರು ಮುಚ್ಚಳಗಳನ್ನೂ ತಲೆಯಲ್ಲಿ ಮಗುಚಿ ನೋಡಿದ. ಆಮೆಯ ಗಾದೆ ಬಂತು, ಏಡಿಯದು ಬಂತು, ಎರಡು ಬಾಯಿಯ ಗಂಟೆಯದು ಬಂತು. ಚಿಲುಮೆಯ ಹೆಂಗಸಿನದು ಬರಲಿಲ್ಲ. “ಇದು ಹಳೇ ಗಾದೆ ಅಲ್ಲ ಮಾವಾ. ಹೊಸದು. ನೋಡಿದ್ರೆ ಏನೋ ಕದ್ಕೊಂಡು ಹೋಗೋ ಗಂಡ, ‘ನಿಲ್ಲೋ ಕಳ್ಳಾ’ ಅಂತ ಹಿಂದೆ ಹೆಂಡತಿ...”

“ಹೆಂಡತಿ ಅಲ್ಲ!” ಎಂದು ಚಿಕಾಯ ಚೀರಿದ.

ಎಲ್ಲರೂ ಅವನ ಕಡೆ ತಿರುಗಿದರು. ಮುಚ್ಚಳದ ಮೇಲಿನ ಹೆಂಗಸೂ ತಿರುಗಿದಳು ಎಂದು ಆಮೇಲೆ ಅವನು ಆಣೆ ಮಾಡಿ ಹೇಳಿದ. ಅವನ ಆಣೆಗೆ ಅಷ್ಟು ಬೆಲೆಯಿಲ್ಲ, ಬಿಡಿ.

ಅಡುಗೆಮನೆಯ ಬಾಗಿಲಲ್ಲಿ ಲೂಕೇನಿ ನಿಂತಿದ್ದಳು. ಅವಳ ಮುಖ ಮಂಜಿನಲ್ಲಿ ಕಾಣುತ್ತಿರಲಿಲ್ಲ, ಒರೆಸಿಕೊಳ್ಳಲು ಎತ್ತಿದ ಸೆರಗು ಮಾತ್ರ ಕಾಣುತ್ತಿತ್ತು. ನಿಜ ಹೇಳಿದರೆ ಚಿಕಾಯ ಗೋರಿಯಿಂದ ಕದ್ದವನಾಗುತ್ತಾನೆ. ಹೇಳದಿದ್ದರೆ ಹೆಂಡತಿ ಹೋಗುತ್ತಾಳೆ. ಹೆದರಿಕೆ ಬಂತು, ಅದರ ಬೆನ್ನಿಗೇ ಸುಳ್ಳು.

“ಅದು ನಮ್ಮತ್ತೆ,” ಎಂದ. “ಸುಂಗಿ ಅತ್ತೆ. ಅವಳ ನೆನಪಿಗೆ ನಾನೇ ಮಾಡಿಸಿದ್ದು. ಮರ ತಾತಂದೇ, ಕೆತ್ತಿಸಿದ್ದು ದೂರದ ಊರಲ್ಲಿ. ನೀವ್ಯಾರೂ ಆ ಊರು ನೋಡಿಲ್ಲ. ಅದರ ಗಾದೆ ಏನಪ್ಪಾ ಅಂದ್ರೆ...” ಅವನು ಬೆವರೊರೆಸಿಕೊಂಡ. “‘ಅತ್ತೆಯ ಹೊತ್ತ ಅಳಿಯನಿಗೆ ದಾರಿ ತಪ್ಪದು.’”

ಮಕೋಸೊ ಬಾಯಿ ತೆರೆದ. ಅದು ನಿಜಕ್ಕೂ ಚೆನ್ನಾಗಿತ್ತು.

“ಇನ್ನೊಂದ್ ಸಲ ಹೇಳು,” ಎಂದ ಜಾವು ಮಾವ. ಅವನ ಧ್ವನಿ ಬದಲಾಗಿತ್ತು.

“ಅತ್ತೆಯ ಹೊತ್ತ ಅಳಿಯನಿಗೆ ದಾರಿ ತಪ್ಪದು,” ಎಂದ ಚಿಕಾಯ, ಈ ಸಲ ಸ್ವಲ್ಪ ರಾಗವಾಗಿ.

“ಮನಸ್ಸಿಂದ ಹೇಳ್ತಿದ್ದೀಯಾ? ನೀನು ಅವಳನ್ನ ಹೊರ್ತೀಯಾ?”

“ಹೊರದೆ ಏನು ಮಾವಾ! ಬದುಕಿದ್ದಾಗ್ಲೇ ಹೊರ್ಬೇಕಿತ್ತು, ಪುಣ್ಯ ಇರ್ಲಿಲ್ಲ. ಅತ್ತೆಯ ಹೊತ್ತ ಅಳಿಯನಿಗೆ ದಾರಿ ತಪ್ಪದು!” ಗೆದ್ದ ಹುರುಪಿನಲ್ಲಿ ಅವನು ಕೊನೆಯ ಮಾತನ್ನು ಊರಿಗೆಲ್ಲ ಕೇಳುವಂತೆ ಕೂಗಿದ. ಬೇಲಿಯ ಆಚೆ ಫೂತಿ ಚಪ್ಪಾಳೆ ತಟ್ಟಿದಳು.

ಅವನು ಮಾವನ ಮುಖ ನೋಡುತ್ತಿದ್ದ. ಮುಚ್ಚಳ ನೋಡಿದ್ದು ಬ್ವಿತಿ ಒಬ್ಬನೇ. ಮೊದಲ ಸಲಕ್ಕೆ ಹೆಂಗಸು ಒಂದು ಹೆಜ್ಜೆ ಮುಂದೆ ಬಂದಳು. ಎರಡನೆಯ ಸಲಕ್ಕೆ ಗಂಡಸಿನ ಹೆಗಲ ಮೇಲೆ ಕೈಯಿಟ್ಟಳು. ಮೂರನೆಯ ಸಲಕ್ಕೆ ಅವನ ಬೆನ್ನೇರಿ ಕಾಲು ಇಳಿಬಿಟ್ಟು ಕೂತಳು. ಮುದುಕ ಮೆಲ್ಲಗೆ ತನ್ನ ಚಾಪೆಯನ್ನು ಎರಡು ಗೇಣು ಹಿಂದಕ್ಕೆ ಎಳೆದುಕೊಂಡ.

ಜಾವು ಮಾವ ಬಿದ್ದು ಬಿದ್ದು ನಕ್ಕ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ತನ್ನ ಕೈಯಿಂದಲೇ ಗಡಿಗೆ ತೆರೆದು ನಾಲ್ಕು ಜನರ ಊಟ ಉಂಡ. ಒಂಬತ್ತು ತಿಂಗಳ ಹಸಿವು ಅವನ ದವಡೆಯಲ್ಲಿತ್ತು. ಮಕೋಸೊಗೆ ಸಿಕ್ಕಿದ್ದು ಮೀನಿನ ಬಾಲ ಮಾತ್ರ.

“ಹುಡುಗಿ ಇಲ್ಲೇ ಇರ್ತಾಳೆ,” ಎಂದ ಮಾವ ಕೈ ತೊಳೆಯುತ್ತ. “ಇನ್ನು ಅವಳನ್ನ ಕರ್ಕೊಂಡು ಹೋಗೋ ಅವಶ್ಯಕತೇನೇ ಇಲ್ಲ. ಬಾ, ದಾರಿವರೆಗೂ ಕಳಿಸ್ಕೊಡು.”

ಚಿಕಾಯ ಗಾಳಿಯಲ್ಲಿ ತೇಲುತ್ತ ಅವನ ಜೊತೆ ನಡೆದ. ಬೇಲಿ ದಾಟಿದ ಮೇಲೆ ಮಾವ ನಿಂತ, ಸುತ್ತ ನೋಡಿದ, ಬೆನ್ನು ನೆಟ್ಟಗೆ ಮಾಡಿ ಮೂಳೆಗಳನ್ನು ಲಟಲಟನೆ ಮುರಿದ.

“ನಿನ್ನ ಮುಚ್ಚಳದ ಜಗಳ ನನಗೆ ಬೇಕಿರ್ಲಿಲ್ಲ ಅಳಿಯಾ. ಗಂಡ ಹೆಂಡತಿ ಜಗಳ ಯಾವ ಮನೇಲಿಲ್ಲ? ನಾನು ಲೂಕೇನೀನ ಕರೆಯೋಕೆ ಬಂದದ್ದು ಬೇರೆ ಕಾರಣಕ್ಕೆ. ನನ್ನ ತಂಗಿ ಸುಂಗಿ, ಮಣ್ಣು ಮಾಡಿದ ಮಾರನೇ ತಿಂಗಳೇ ನನ್ನ ಮನೆಗೆ ಬಂದ್ಲು.”

“ಯಾರು ಬಂದ್ರು?”

“ಒಂಬತ್ತು ತಿಂಗಳು. ಉಣ್ಣೋಕೆ ಕೂತ್ರೆ ಪಕ್ಕದಲ್ಲಿ ಅವಳು. ಮಲಗಿದ್ರೆ ಕಾಲ ಹತ್ರ ಹೊಗೆಸೊಪ್ಪಿನ ವಾಸನೆ. ನನ್ನ ಹೆಂಡತಿ ಯಾವ ಮುಚ್ಚಳ ಹಾಕಿದ್ರೂ ಮೇಲೆ ಏಳೋ ಚಿತ್ರ ಅವಳದ್ದು, ಆ ಚಿತ್ರಕ್ಕೆ ಬೈಗುಳ ನನಗೆ. ಕಡೆಗೆ ಮದ್ದುಗಾರನ ಕೇಳ್ದೆ. ಅವನು ಹೇಳಿದ: ‘ಅವಳ ಮುಚ್ಚಳಾನ ಯಾರು ತಾವಾಗೇ ಗೋರಿಯಿಂದ ಎತ್ತಿ, ಅವಳನ್ನ ಹೊರ್ತೀನಿ ಅಂತ ಗಂಡಸರ ಮುಂದೆ ಮೂರು ಸಲ ಬಾಯಿಬಿಟ್ಟು ಹೇಳ್ತಾರೋ, ಅವಳು ಅವರ ಮನೆಗೆ ಹೋಗ್ತಾಳೆ. ಆದ್ರೆ ಕಾರಣ ಹೇಳಿ ಕೇಳ್ಕೊಳ್ಳೋ ಹಾಗಿಲ್ಲ.’ ಅಂಥ ಪೆದ್ದ ಎಲ್ಲಿ ಸಿಗ್ಬೇಕು? ಮಗಳನ್ನಾದ್ರೂ ಗೋರಿ ಹತ್ರ ಕರ್ಕೊಂಡು ಹೋದ್ರೆ ತಾನಾಗೇ ಎತ್ಕೋತಾಳೇನೋ ಅಂತ ಬಂದೆ. ಇಲ್ಲಿ ನೋಡಿದ್ರೆ ಗಡಿಗೆ ಮೇಲೇ ಅವಳಮ್ಮನ ಗೋರಿ ಮುಚ್ಚಳ!” ಅವನು ಚಿಕಾಯನ ಕೆನ್ನೆ ಸವರಿದ. “ದೇವರಂಥ ಮನುಷ್ಯ ನೀನು.”

ಜೀವಮಾನದಲ್ಲಿ ಮೊದಲ ಬಾರಿಗೆ ಚಿಕಾಯನ ಬಾಯಿಂದ ನಿಜ ಹೊರಬಿತ್ತು. “ಮಾವಾ, ನಾನು ಬೋಳು ಮುಚ್ಚಳದ ಮೇಲೆ ಕೂತು ಅದನ್ನ ಮುರಿದೆ. ಹೆದರಿಕೊಂಡು ಇದನ್ನ ಮಧ್ಯಾಹ್ನದ ಮಟ್ಟಿಗೆ ತಂದೆ, ಅಷ್ಟೇ. ಗಾದೆ ಈಗ ಹುಟ್ಟಿಸಿದ್ದು.”

“ಅಯ್ಯೋ ಶಿವನೇ!” ಎಂದ ಮಾವ. ಅವನು ಅಂದದ್ದು ನಮ್ಮ ದೇವರ ಹೆಸರನ್ನೇ. ನಿಮಗೆ ತಿಳಿಯಲಿ ಎಂದು ನಾನು ಹೀಗೆ ಹೇಳಿದೆ. “ಇದನ್ನ ಚಪ್ಪರದಲ್ಲೇ ಹೇಳಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಮುಚ್ಚಳ ವಾಪಸ್ ಇಟ್ಟಿದ್ರೆ ಮುಗೀತಿತ್ತು. ನನ್ನ ಮನೆ ಪಾಡು ನನಗೆ ಇರ್ತಿತ್ತು. ಮೂರು ಸಲ ಹೇಳಿದೆಯಲ್ಲೋ! ಮೂರನೇದನ್ನ ಊರಿಗೆಲ್ಲ ಕೇಳೋ ಹಂಗೆ ಕೂಗಿದೆ.”

“ವಾಪಸ್ ತಗೊಳ್ಳಿ ಮಾವಾ.”

“ತಗೊಳ್ಳೋಕೆ ಅವಳು ನನ್ನ ಜೊತೆ ಬಂದ್ರೆ ತಾನೇ?” ಮಾವ ತನ್ನ ಪಕ್ಕದ ಖಾಲಿ ಜಾಗವನ್ನು ಕೈಯಿಂದ ಬೀಸಿ ತೋರಿಸಿದ. “ನೋಡು. ಎಷ್ಟು ಅಗಲ ಇದೆ ದಾರಿ!”

ಅವನು ದಾರಿಯ ನಟ್ಟನಡುವೆ ಕೈ ಬೀಸಿಕೊಂಡು ಹೊರಟ. ಮಂಜು ಅವನನ್ನು ನುಂಗಿದ ಮೇಲೂ ಅವನ ಹಾಡು ಬಹಳ ದೂರದವರೆಗೆ ಕೇಳುತ್ತಿತ್ತು.

ಚಿಕಾಯ ಮನೆಗೆ ಮರಳಿದ. ಅಂಗಳದಲ್ಲಿ ಹೊಗೆಸೊಪ್ಪಿನ ವಾಸನೆ ಹೆಣ ಏಳುವಷ್ಟು ದಟ್ಟವಾಗಿತ್ತು. ಒಳಗೆ ಲೂಕೇನಿ ಹೊಸ ಚಾಪೆ ಹಾಸಿದ್ದಳು. ಅವಳ ಕಣ್ಣುಗಳು ಕೆಂಪಗಿದ್ದವು, ಆದರೆ ಮುಖ ಅರಳಿತ್ತು. ಮದುವೆಯ ದಿನದಿಂದ ಅವನು ಅಂಥ ಮುಖ ಕಂಡಿರಲಿಲ್ಲ.

“ನಿನ್ನಂಥ ಗಂಡ ಯಾರಿಗಿದ್ದಾನೆ ಹೇಳು,” ಎಂದಳು. “ನಮ್ಮಮ್ಮನ್ನ ನಾನು ಕೇಳದೇನೇ ಕರ್ಕೊಂಡು ಬಂದ್ಯಲ್ಲ. ಇನ್ನು ಮೇಲೆ ನಿನಗೆ ಯಾವ ಮುಚ್ಚಳಾನೂ ಹಾಕಲ್ಲ. ಏನಿದ್ರೂ ಅಮ್ಮನೇ ಹೇಳ್ತಾಳೆ.”

ಅವಳು ಎರಡು ಬಟ್ಟಲು ಇಟ್ಟಳು. ತಡೆದು, ಮೂರನೆಯದನ್ನೂ ಇಟ್ಟಳು. ಚಿಕಾಯ ತನ್ನ ಜಾಗದಲ್ಲಿ ಕೂತ.

“ಸ್ವಲ್ಪ ಆಚೆ ಸರಿ,” ಎಂದಳು ಲೂಕೇನಿ. “ಅಮ್ಮ ಕೂರ್ಬೇಕು.”

ಚಿಕಾಯ ಒಂದು ಗೇಣು ಸರಿದ. ಪಕ್ಕದಲ್ಲಿ ಚಾಪೆ ತಗ್ಗಿತು. ಅಷ್ಟು ಸಾಲದೆಂಬಂತೆ, ಯಾರೋ ಮೊಣಕೈಯಿಂದ ತಿವಿದು ಅವನನ್ನು ಇನ್ನೊಂದು ಗೇಣು ಸರಿಸಿದರು.